ಜಾಗ ಸಾಲದೆ ಅಳಿಸಿದ ಹೆಸರುಗಳು

ಕಪಾಟಿನ ತಳಕ್ಕೆ ಹಾಸಿದ್ದ ಹಳೆಯ ಕಾಗದ ಬದಲಿಸುವಾಗ ಗ್ರಾಫ್ ಹಾಳೆಯೊಂದು ಸಿಕ್ಕಿತು. ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿ ‘ಳ’ ಅಕ್ಷರ ಮೂಡಿಸಿದ್ದರು. ಸವಣೂರಿನ ಮಾಸ್ತರ ಕೈ ಅದು. ಗುರುತು ಹತ್ತಿದ್ದೇ ತಡ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ಈ ನಾಲ್ಕೂ ಊರುಗಳ ಒಂದೊಂದು ಶಾಲೆಗೆ ಒಂದೊಂದು ಕಂಪ್ಯೂಟರ್ ಬಂದಿತ್ತು. ನಾನು ಹಿರೇಕೆರೂರಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಪ್ರೋಗ್ರಾಮುಗಳನ್ನು ಹಾಡಿನಂತೆ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕಿತ್ತು. ಯಂತ್ರಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಕನ್ನಡ ಬರೆಯಲು ಕಲಿಸಿದವರು ಸವಣೂರಿನ ಗಣಿತದ ಮಾಸ್ತರು. ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದೊಂದು ಅಕ್ಷರವನ್ನೂ ಚೌಕದ ಹಾಳೆಯಲ್ಲಿ ಬರೆದು, ಎಣಿಸಿ, ಪರದೆಯ ಮೇಲೆ ಮೂಡಿಸಿದರು. ಆ ಕ್ಯಾಸೆಟ್ಟನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಉಳಿದ ಮೂರೂ ಊರಿಗೆ ಕಳಿಸಿಕೊಟ್ಟರು, ಯಾರೂ ಕೇಳದಿದ್ದರೂ. ಮಗ್ಗಿ ಆಟ ಬರೆಯಲಿ, ಒಗಟು ಬರೆಯಲಿ, ಎಲ್ಲರೂ ಮೊದಲು ಅವರ ಅಕ್ಷರಗಳನ್ನು ತುಂಬಿಕೊಂಡು ಅದರ ಮೇಲೆ ತಮ್ಮದನ್ನು ಕಟ್ಟುತ್ತಿದ್ದೆವು.

ಅವರದು ಒಂದೇ ಕಟ್ಟಳೆ. ಪ್ರೋಗ್ರಾಮು ಶುರುವಾಗುವಾಗ, ಯಾರು ಏನು ಬರೆದರು, ಯಾರು ಯಾವ ತಪ್ಪು ತಿದ್ದಿದರು ಎಂಬ ಸಾಲುಗಳು ಪರದೆಯ ಮೇಲೆ ಬರಬೇಕು. “ನಮ್ಮ ಮನ್ಯಾಗ ಹಳೇ ಪೋಥಿ ಪುಸ್ತಕ ನಕಲ ಮಾಡೂದು ಹಿಂಗ ರೀ ಅಕ್ಕೋರ. ತಪ್ಪಿದ್ರ ತಿದ್ರಿ, ನಿಮ್ಮ ಹೆಸರು ಕೆಳಗ ಹಚ್ಚರಿ. ಮ್ಯಾಲಿನವರ ಹೆಸರು ಮಾತ್ರ ತಗೀಬ್ಯಾಡ್ರಿ,” ಎಂದಿದ್ದರು. ನಾನು ಹೂಂ ಎಂದಿದ್ದೆ. ಆದರೆ ಪ್ರತಿ ಸಲವೂ ಗುಂಡಿ ಒತ್ತಿ ಆ ಸಾಲುಗಳನ್ನು ದಾಟಿಸಿಬಿಡುತ್ತಿದ್ದೆ. ಇದೆಂಥ ಮಡಿ ಎಂದು ಒಳಗೊಳಗೇ ನಕ್ಕಿದ್ದೂ ಉಂಟು.

ಹಾನಗಲ್ಲಿನಲ್ಲಿ ವಿಜ್ಞಾನ ಪ್ರದರ್ಶನ ಬಂತು. ನಾನು ಬೆಳೆಗಳ ಬಗ್ಗೆ ಕನ್ನಡದ ರಸಪ್ರಶ್ನೆಯೊಂದನ್ನು ಬರೆದಿದ್ದೆ. ಹಿಂದಿನ ದಿನ ಯಂತ್ರ ತನ್ನ ಮೆಮೊರಿಯಲ್ಲಿ ಜಾಗ ಸಾಲದೆಂದು ಹಟ ಹಿಡಿಯಿತು. ನನ್ನ ಪ್ರಶ್ನೆಗಳಲ್ಲಿ ಒಂದನ್ನೂ ಬಿಡಲು ಮನಸ್ಸಿರಲಿಲ್ಲ. ಹೆಸರಿನ ಹನ್ನೊಂದು ಸಾಲು ಅಳಿಸಿದೆ. ಮೊದಲನೆಯದು ಮಾಸ್ತರದು ಎಂದು ಗೊತ್ತಿತ್ತು, ಉಳಿದವನ್ನು ಓದಲೂ ಇಲ್ಲ. ಪ್ರೋಗ್ರಾಮು ಸರಾಗವಾಗಿ ಓಡಿತು.

ಮರುದಿನ ಮಾಸ್ತರು ಒಬ್ಬ ಹುಡುಗಿಯನ್ನೂ ಅವಳ ತಂದೆಯನ್ನೂ ಕರೆದುಕೊಂಡು ನನ್ನ ಮೇಜಿಗೆ ಬಂದರು. ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದುದನ್ನು ತಿದ್ದಿದವಳು ಅವಳೇ ಅಂತೆ.

“ಸುರುವಿನಿಂದ ಹಚ್ಚರಿ ಅಕ್ಕೋರ. ಈಕಿ ಹೆಸರು ಬರೂದು ನೋಡಾಕ ಅವರಪ್ಪ ಹುಲಗೂರಿಂದ ಬಂದಾರ.”

“ಜಾಗಾ ಸಾಲಲಿಲ್ರಿ ಸರ... ಹೆಸರು ತಗದೇನಿ,” ಎಂದೆ.

ಅವರು ಸಿಟ್ಟಿಗೆದ್ದಿದ್ದರೆ ನಾನು ಬಚಾವಾಗುತ್ತಿದ್ದೆ. ಅವರು ಹುಡುಗಿಯ ತಂದೆಯ ಕಡೆ ತಿರುಗಿ, “ತಪ್ಪು ನಂದ ರೀ, ಬ್ಯಾರೆ ಕ್ಯಾಸೆಟ್ ಕೊಟ್ಟೇನಿ,” ಎಂದರು. ಆ ಮನುಷ್ಯ “ಇರ್ಲಿ ಬಿಡ್ರಿ ಸರ” ಎಂದು ರುಮಾಲು ಸರಿಮಾಡಿಕೊಂಡ. ಹುಡುಗಿ ಪರದೆಯ ಮೇಲಿನ ಒತ್ತಕ್ಷರಗಳನ್ನೇ ನೋಡುತ್ತಿದ್ದಳು. ನನಗೆ ಎರಡನೇ ಬಹುಮಾನ ಬಂತು.

ಹೆಸರುಗಳನ್ನು ಮತ್ತೆ ಸೇರಿಸಬೇಕು ಎಂದುಕೊಂಡೆ. ಇವತ್ತು, ನಾಳೆ ಎನ್ನುತ್ತ ಆ ವರ್ಷವೇ ಕಳೆಯಿತು. ಅಷ್ಟರಲ್ಲಿ ಬಹುಮಾನ ಬಂದದ್ದೆಂದು ನನ್ನ ಬೋಳು ಪ್ರತಿಯನ್ನೇ ಎಲ್ಲರೂ ಇಳಿಸಿಕೊಂಡಿದ್ದರು. ಮಾಸ್ತರು ಮಾತ್ರ ನನಗೆ ಕ್ಯಾಸೆಟ್ ಕಳಿಸುವುದನ್ನು ನಿಲ್ಲಿಸಲಿಲ್ಲ. ಕ್ಷಮಿಸಿ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲವಲ್ಲ... ನಾಚಿಕೆ ಅಡ್ಡ ಬಂತು ಎಂದರೆ ಅದೂ ನೆಪವೇ.

ಈಗ ಅವರಿಲ್ಲ. ಆ ಯಂತ್ರಗಳೂ ಕ್ಯಾಸೆಟ್ಟುಗಳೂ ಗುಜರಿ ಸೇರಿ ಎಷ್ಟೋ ಕಾಲವಾಯಿತು. ನಿನ್ನೆ ಆ ಹನ್ನೊಂದು ಸಾಲುಗಳನ್ನು ಬರೆದಿಡೋಣವೆಂದು ಪೆನ್ನು ಹಿಡಿದು ಕೂತೆ. ಮೊದಲ ಸಾಲಿನಲ್ಲಿ ಮಾಸ್ತರ ಹೆಸರು ಬರೆದೆ. ಎರಡನೆಯದರಲ್ಲಿ ‘ಹುಲಗೂರಿನ ಹುಡುಗಿ’ ಎಂದು ಬರೆದು ನಿಲ್ಲಿಸಿದೆ. ಅವಳ ಹೆಸರನ್ನು ನಾನು ಅವತ್ತು ಕೇಳಿಯೂ ಇರಲಿಲ್ಲ.