ಸುಂಕಪ್ಪನ ಜೀಪು, ಪಕ್ಕೀರಮ್ಮನ ಸೀಟು

ಕಾನಹೊಸಹಳ್ಳಿಯ ಸುಂಕಪ್ಪ ನಿವೃತ್ತನಾಗಿ ಎಷ್ಟೋ ವರ್ಷವಾಗಿದ್ದರೂ ಅವನ ಬಲಗಾಲು ಮಾತ್ರ ಇನ್ನೂ ನೌಕರಿಯಲ್ಲಿತ್ತು. ಹೆಂಡತಿ ಬಡಿಸುವಾಗ ಸಾರು ಹೆಚ್ಚಾಗಿ ಸುರಿದರೆ ಅದು ತಾನಾಗಿ ನೆಲವನ್ನು ಒತ್ತುತ್ತಿತ್ತು, ಬ್ರೇಕು ಹಾಕುವಂತೆ.

ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಜೀಪಿನ ಡ್ರೈವರಾಗಿದ್ದ. ಸಾಹೇಬರು ಬಂದರು, ಹೋದರು. ಜೀಪು ಮತ್ತು ಸುಂಕಪ್ಪ ಉಳಿದರು. ಅವನ ಮನೆತನದಲ್ಲಿ ಖಾಕಿ ಅಂಗಿ ತೊಟ್ಟವನು ಅವನೇ ಮೊದಲು. ಆ ಅಂಗಿಗೆ ಯಾರೂ ಬೆರಳು ತೋರಿಸಬಾರದೆಂದು ಅವನೊಂದು ನೇಮ ಹಿಡಿದಿದ್ದ: ಸರ್ಕಾರದ ಜೀಪಿನಲ್ಲಿ ಮನೆಯವರು ಕೂರಕೂಡದು. ಈ ನೇಮದ ಪೂರ್ತಿ ಭಾರ ಬಿದ್ದದ್ದು ಹೆಂಡತಿ ಪಕ್ಕೀರಮ್ಮನ ಮೇಲೆ.

ಒಂದು ಮಳೆಗಾಲದ ಸಂಜೆ ಅವಳು ಕೂಸು ಹುಲುಗೇಶನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂಡ್ಲಿಗಿ ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದಳು. ಜೀಪು ಬಂತು. ಒಳಗೆ ಸುಂಕಪ್ಪ ಒಬ್ಬನೇ. ಅವಳು ಗಂಟು ಎತ್ತಿಕೊಂಡಳು. ಜೀಪು ನಿಧಾನವಾಯಿತು, ಎರಡು ಸಲ ಹಾರ್ನ್ ಹೊಡೆಯಿತು, ಮುಂದೆ ಹೋಯಿತು.

ಮನೆಗೆ ಬಂದವಳೇ ಕೇಳಿದಳು: “ಹಾರ್ನ್ ಯಾಕ ಹೊಡದ್ರಿ?”

“ಹಿಂದ ಬಸ್ ಬರಾಕತ್ತಿತ್ತು. ಗಾಬರಿ ಆಗಬ್ಯಾಡ ಅಂತ ಹೇಳಿದೆ.”

“ಎಂಥಾ ಪ್ರೀತಿ ನಮ್ಮಪ್ಪಾ!” ಎಂದಳು ಪಕ್ಕೀರಮ್ಮ. ಅಂದಿನಿಂದ ಈ ಪ್ರೀತಿಯ ಕಥೆಯನ್ನು ಅವಳು ಹೇಳದ ಮನೆ ಊರಲ್ಲಿ ಉಳಿದಿಲ್ಲ.

ಅವಳ ತವರು ಹೊಳೆದಂಡೆಯ ಮಾಗಳ. ಅಲ್ಲಿ ಅಣ್ಣ ಬೆನಕಪ್ಪ, ಅವಳು ಬಸ್ಸಿಳಿದು ಬಂದಾಗಲೆಲ್ಲ ಬಾಗಿಲಲ್ಲೇ ಚುಚ್ಚುತ್ತಿದ್ದ: “ಯಾಕವ್ವಾ, ಗಂಡನ ಜೀಪಿನ್ಯಾಗ ಜಾಗ ಇರ್ಲಿಲ್ಲೇನು?” ಬಂಗಾರ ಕೇಳದ, ಸೀರೆ ಕೇಳದ ಪಕ್ಕೀರಮ್ಮನಿಗೆ ಒಂದೇ ಆಸೆ ಉಳಿದುಬಿಟ್ಟಿತ್ತು. ಆ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಅಣ್ಣನ ಬಾಗಿಲಿಗೆ ಹೋಗಬೇಕು.

ಜೀಪು ಹರಾಜಾಗಿ ಹೋಯಿತು. ಆಸೆಯೂ ಅದರ ಜೊತೆ ಹೋಯಿತೆಂದು ಸುಂಕಪ್ಪ ತಿಳಿದಿದ್ದ.

ಹುಲುಗೇಶ ಬೆಳೆದು ಕೊಟ್ಟೂರಿನಲ್ಲಿ ಲೈನ್‌ಮನ್ ಆದ. ಹೋದ ವರ್ಷ ಒಂದು ಜಲ್ಲಿ ಕ್ರಷರ್ ಹತ್ತಿರ ಕಂಬ ಹತ್ತಿದಾಗ, ಷೆಡ್ಡಿನ ಹಿಂದೆ ಬಳ್ಳಾರಿ ಜಾಲಿಯ ನಡುವೆ ಒಂದು ಹಸಿರು ಮೂತಿ ಕಂಡಿತು. ಇಳಿದು ಹೋಗಿ ನೋಡಿದ. ಎಡ ಮಡ್‌ಗಾರ್ಡಿನಲ್ಲಿ ಅದೇ ದೊಡ್ಡ ತಗ್ಗು; ಅಪ್ಪನ ಜೀಪೇ. ಕ್ರಷರ್‌ನವರು ಬಣ್ಣ ಬಳಿದು ನಾಲ್ಕು ದಿನ ಓಡಿಸಿ ಬಿಟ್ಟಿದ್ದರು. ತೂಕದ ಬೆಲೆಗೆ ಕೊಂಡು, ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಮನೆಗೆ ತಂದ.

ಸುಂಕಪ್ಪ ಜೀಪಿನ ಸುತ್ತ ಬಂದು, ಆ ತಗ್ಗಿನ ಮೇಲೆ ಕೈಯಿಟ್ಟ. “ಇದು ಎಮ್ಮಿ ಗುದ್ದಿದ್ದು,” ಎಂದ. “ತಪ್ಪು ಎಮ್ಮೀದ,” ಎಂದೂ ಸೇರಿಸಿದ.

ಆ ಸಂತೋಷದಲ್ಲೇ ಅವನ ಬಾಯಿಂದ ಮಾತು ಜಾರಿತು: “ಪಕ್ಕೀರಿ, ಈಗ ಇದು ನಮ್ದು. ರೆಡಿ ಆದ ದಿನ ಮುಂದ ನೀನ ಕುಂದ್ರಾಕಿ. ಮಾಗಳಕ್ಕ ಹೋಗಾನು.”

“ಹುಲುಗೇಶ, ನೀ ಕೇಳಿದೆಲ್ಲ?” ಎಂದು ಪಕ್ಕೀರಮ್ಮ ಮಗನನ್ನು ಸಾಕ್ಷಿ ಮಾಡಿಕೊಂಡಳು.

ಇಂಜಿನ್ನನ್ನು ಮೇಸ್ತ್ರಿ ರಾಮಾಂಜಿನಿ ತನ್ನ ಗ್ಯಾರೇಜಿಗೆ ಒಯ್ದ. ಉಳಿದದ್ದೆಲ್ಲ ಮನೆಯಂಗಳದಲ್ಲಿ ಹರಡಿತು. ನಟ್ಟು, ಬೋಲ್ಟು, ಕೀಲು, ಬ್ರೇಕಿನ ಡ್ರಮ್ಮು, ಯಾವುದು ಯಾವುದೆಂದು ಗುರುತು ಸಿಗದಷ್ಟು ತುಕ್ಕು. ಪಕ್ಕೀರಮ್ಮ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ಕುದಿಸಿದಳು. ಆರಿದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು ಕಬ್ಬಿಣ ನೆನೆಹಾಕಿದಳು. ಮರುದಿನ ಸುಂಕಪ್ಪ ತಂತಿ ಬ್ರಷ್ಷಿನಿಂದ ಉಜ್ಜಿದರೆ ತುಕ್ಕು ಕಪ್ಪು ಕೆಸರಾಗಿ ಹರಿದು, ಒಳಗಿನ ಕಬ್ಬಿಣ ಆಗತಾನೇ ಹುಟ್ಟಿದ ಕೂಸಿನಂತೆ ಕಣ್ಣು ಬಿಡುತ್ತಿತ್ತು. ಇಡೀ ಮನೆ ಸಾರಿನ ವಾಸನೆ ಹೊಡೆಯಿತು. ಅಡುಗೆಮನೆಯೊಂದನ್ನು ಬಿಟ್ಟು; ಅಲ್ಲಿ ಸಾರು ಮಾಡಲು ಹುಣಸೆಹಣ್ಣು ಉಳಿದಿರಲಿಲ್ಲ.

ಪೆಟ್ರೋಲ್ ಟ್ಯಾಂಕಿನೊಳಗೆ ಕೈ ಹೋಗುವಂತಿರಲಿಲ್ಲ. ಅದರಲ್ಲಿ ಹುಣಸೆನೀರು, ಸಣ್ಣ ಜಲ್ಲಿ ತುಂಬಿ, ಹಳೆಯ ಸೀರೆಯ ಜೋಳಿಗೆಯಲ್ಲಿ ತೊಲೆಗೆ ತೂಗುಹಾಕಿದರು. ಪಕ್ಕೀರಮ್ಮ ಟಿವಿ ನೋಡುತ್ತ ಕಾಲಿನ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಂಡು ತೂಗಿದಳು. ನೆರೆಮನೆಯ ಅಂಜಿನಕ್ಕ ಬಂದವಳು ದನಿ ತಗ್ಗಿಸಿ ಕೇಳಿದಳು: “ಯಾರ ಕೂಸಬೇ?”

“ಇವ್ರದ,” ಎಂದಳು ಪಕ್ಕೀರಮ್ಮ, ಗಂಡನತ್ತ ಗದ್ದ ತೋರಿಸಿ. “ಭಾಳ ಹಟಾ ಮಾಡತೈತಿ.”

ಇಷ್ಟು ಚೆಂದ ನಡೆದಿದ್ದ ಸಂಸಾರಕ್ಕೆ ಒಂದು ಬೆಳಿಗ್ಗೆ ಅಡ್ಡಿ ಬಂತು. ಸುಂಕಪ್ಪ ಲುಂಗಿ ಮೇಲೆತ್ತಿ ಕಟ್ಟಿ, ಬಾನೆಟ್ಟಿನ ಹಸಿರು ಬಣ್ಣ ಕೆರೆಯುತ್ತಿದ್ದ. ಅಡಿಯಿಂದ ಬಿಳಿ ಗೆರೆಯೊಂದು ಎದ್ದಿತು. ಇನ್ನಷ್ಟು ಕೆರೆದ. ಅಕ್ಷರಗಳು ಒಂದೊಂದಾಗಿ ಹೊರಬಂದು ಸಾಲಾಗಿ ನಿಂತವು: ಕರ್ನಾಟಕ ಸರ್ಕಾರ.

ಸುಂಕಪ್ಪ ಲುಂಗಿ ಕೆಳಗಿಳಿಸಿದ.

ಅವತ್ತಿನಿಂದ ಅವನ ಕೈ ಆ ಅಕ್ಷರಗಳನ್ನು ಬಳಸಿ ಹೋಗತೊಡಗಿತು, ದೇವರ ಪಟ ತೆಗೆಯದೆ ಗೋಡೆಗೆ ಸುಣ್ಣ ಬಳಿಯುವವನಂತೆ. ಪಕ್ಕೀರಮ್ಮ ನೋಡಿಯೂ ತನ್ನ ಕೆಲಸ ಮುಂದುವರಿಸಿದಳು. ಹೊಸ ಕವರು ಹೊಲಿಸಿದ ಸೀಟು ಬಂದ ದಿನ ಮಾತ್ರ, ಮೆತ್ತಗಿದೆಯೋ ಇಲ್ಲವೋ ನೋಡೋಣವೆಂದು ಹತ್ತಿ ಮುಂದೆ ಕುಳಿತಳು.

“ಇಳಿ, ಇಳಿ!” ಸುಂಕಪ್ಪ ಓಡಿಬಂದ. “ಅದು ಸಾಹೇಬ್ರ ಸೀಟು. ಬೇಕಾರ ಹಿಂದ ಕುಂದ್ರು.”

“ಯಾವ ಸಾಹೇಬ್ರು? ಎಲ್ಲದಾರ? ಕರೀರಿ, ನಾನೂ ಕೇಳ್ತೀನಿ.”

“ಮ್ಯಾಲೆ ಏನ್ ಬರದೈತಿ ನೋಡು.”

ಹುಲುಗೇಶ ನಡುವೆ ಬಂದ: “ಯಪ್ಪಾ, ಹರಾಜಾಗಿ ಯಾವ ಕಾಲ ಆತು. ರೊಕ್ಕ ಕೊಟ್ಟು ತಂದೀನಿ.”

“ನೀ ರೊಕ್ಕ ಕೊಟ್ಟಿದ್ದು ಕಬ್ಬಿಣಕ್ಕ. ಹೆಸರಿಗಲ್ಲ.”

“ಹಂಗಂದ್ರ ನಾನೂ ಸರ್ಕಾರದಾಕಿನ!” ಪಕ್ಕೀರಮ್ಮ ಸೀಟಿನಿಂದ ಅಲುಗಲಿಲ್ಲ. “ಅಂಗನವಾಡ್ಯಾಗ ಸಹಾಯಕಿ ಆಗಿ ಕೂದಲ ಹಣ್ಣು ಮಾಡ್ಕೊಂಡೀನಿ. ಈ ಊರಿನ ಅರ್ಧ ಮಂದಿ ಮೂಗು ನಾ ಒರಿಸೀನಿ.”

“ನಿಂದು ಗೌರವಧನ ಕಣಲೇ. ನೌಕರಿ ಅಲ್ಲ.”

ಮಾತು ಆಚೆ ಬಿದ್ದ ಕೂಡಲೇ ಸುಂಕಪ್ಪನ ಬಲಗಾಲು ಬ್ರೇಕು ಹುಡುಕಿತು. ಅಂಗಳದಲ್ಲಿ ಎಲ್ಲಿತ್ತು ಬ್ರೇಕು? ಪಕ್ಕೀರಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿದಳು, ಪಾತ್ರೆ ತೊಳೆದು ಒಳಗಿಟ್ಟಳು.

“ಗೌರವಧನದಾಕಿಗೆ ಇಂಥಾ ಕೆಲಸ ಬರಂಗಿಲ್ಲ. ನೌಕರದಾರ್ರು ಮಾಡ್ಕೊಳ್ರಿ.”

ಮಾಡಿಕೊಳ್ಳಲು ಏನು ಮಹಾ ಎಂದು ಸುಂಕಪ್ಪ ಅಂಜಿನಕ್ಕನ ಮನೆಯಿಂದ ಹುಣಸೆಹಣ್ಣು ತಂದ. ನೆನೆಹಾಕಿದ, ಉಜ್ಜಿದ, ತೊಳೆದ. ಬೆಳ್ಳಿಯಂತೆ ಹೊಳೆಯುವ ಬೋಲ್ಟುಗಳನ್ನು ಗೋಣಿಚೀಲದ ಮೇಲೆ ಹರಡಿ ಮಲಗಿದ. ಬೆಳಗಾಗೆದ್ದು ನೋಡಿದರೆ ಚೀಲದ ತುಂಬ ಚೆಂಡುಹೂವು ಒಣಹಾಕಿದ ಹಾಗಿತ್ತು. ಎಲ್ಲದಕ್ಕೂ ಹೊಸ ತುಕ್ಕು. ಮತ್ತೆ ಉಜ್ಜಿದ. ಮತ್ತೆ ಹೂವು. ಒಳಗೆ ಪಕ್ಕೀರಮ್ಮ ಎಂದಿಗಿಂತ ಗಟ್ಟಿಯಾಗಿ ರೊಟ್ಟಿ ಬಡಿಯುತ್ತಿದ್ದಳು.

ಸುಂಕಪ್ಪ ಅಂಜಿನಕ್ಕನ ಬಾಗಿಲಿಗೆ ಹೋದ. “ನಿಮ್ಮ ಹುಣಸಿಹಣ್ಣು ಬರೋಬ್ಬರಿ ಇಲ್ಲಬೇ.”

“ನಮ್ಮ ಹಣ್ಣಿಗೆ ಹೆಸರಿಡಬ್ಯಾಡ್ರಿ ಮತ್ತ!” ಅಂಜಿನಕ್ಕ ಮೊರ ಕೆಳಗಿಟ್ಟಳು. “ತೊಳದ ಕೂಡ್ಲೆ ಒರಿಸಿ, ಒಣಗಿಸಿ, ಎಣ್ಣಿ ಹಚ್ಚಬೇಕ್ರಿ. ಪಕ್ಕೀರಕ್ಕ ದಿನಾ ಹಚ್ಚತಿದ್ಲಲ್ಲ, ಒಂದೊಂದನ್ನೂ ತೊಡಿ ಮ್ಯಾಲೆ ಇಟ್ಕೊಂಡು, ಕೂಸಿಗೆ ಹಚ್ಚಿದಂಗ. ನೀವು ನೋಡೇ ಇಲ್ಲೇನು?”

ಇಲ್ಲ. ಅವನು ನೋಡಿರಲಿಲ್ಲ. ತಾನು ಉಜ್ಜಿದ್ದರಿಂದಲೇ ಕಬ್ಬಿಣ ಹೊಳೆಯುತ್ತಿದೆ ಎಂದು ತಿಳಿದು, ಸಂಜೆಯಾದರೆ ಚಹಾ ಕುಡಿಯಲು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ. ಮನೆಗೆ ಬರುವ ದಾರಿ ಅವತ್ತು ಸ್ವಲ್ಪ ಉದ್ದವಾಯಿತು. ಬಣ್ಣದ ಅಂಗಡಿಯ ಹತ್ತಿರ ನಿಂತ. ಬಣ್ಣ ಕೆರೆಯುವ ಉಪ್ಪುಕಾಗದದ ಒಂದು ಹಾಳೆ ಕೊಂಡ.

“ಪಕ್ಕೀರಿ, ಬಾ ಇಲ್ಲಿ.”

ಅವಳು ಹೊಸ್ತಿಲಲ್ಲಿ ಬಂದು ನಿಂತಳು. ಸುಂಕಪ್ಪ ಉಪ್ಪುಕಾಗದ ಹಿಡಿದು ಬಾನೆಟ್ಟಿನ ಮುಂದೆ ನಿಂತಿದ್ದ. ಕೈ ಅಕ್ಷರಗಳವರೆಗೆ ಹೋಯಿತು, ಹಿಂದೆ ಬಂತು. ಮತ್ತೆ ಹೋಯಿತು, ಮೇಲೆ ಕುಳಿತಿದ್ದ ಧೂಳನ್ನು ಬೆರಳಿನಿಂದ ಒರೆಸಿ ಬಂತು.

“ಈ ಹೆಸರು ಓಡಿಸಿ ನಾನು ಮನುಷ್ಯಾ ಆದೆ,” ಎಂದ.

ಪಕ್ಕೀರಮ್ಮ ಹತ್ತಿರ ಬಂದು ಅವನ ಕೈಯಿಂದ ಕಾಗದ ಬಿಡಿಸಿಕೊಂಡಳು. “ನೀವು ಆ ಕಡಿ ಮಾರಿ ಮಾಡ್ರಿ.”

ಸುಂಕಪ್ಪ ಗೋಡೆಯ ಕಡೆ ತಿರುಗಿದ. ಬೆನ್ನ ಹಿಂದೆ ಸರಸರ ಸದ್ದು.

“ಆತೇನು?”

“ಇಲ್ರಿ, ಇನ್ನೂ ಕರ್ನಾಟಕದಾಗ ಅದೀನಿ.”

ಗೋಡೆಯ ಮೇಲೊಂದು ಹಲ್ಲಿ ಅವನನ್ನೇ ನೋಡುತ್ತಿತ್ತು.

“ಈಗ?”

“ಸರ್ಕಾರ ಗಟ್ಟಿ ಐತಿ. ಲಗೂ ಬೀಳವಲ್ದು.”

ಸುಂಕಪ್ಪ ಅತ್ತನೋ ನಕ್ಕನೋ, ಹಲ್ಲಿಗೇ ಗೊತ್ತು. ತಿರುಗಿದಾಗ ಅಲ್ಲಿ ಬರಿಯ ಕಬ್ಬಿಣ ಹೊಳೆಯುತ್ತಿತ್ತು. ಅವನು ಒಳಗೆ ಹೋಗಿ ಕುಸುಬಿ ಎಣ್ಣೆಯ ಬಾಟಲಿ ತಂದು, ಬಟ್ಟೆಯಲ್ಲಿ ಅದ್ದಿ, ಆ ಜಾಗಕ್ಕೆ ತಾನೇ ಹಚ್ಚಿದ.

“ಅಷ್ಟ್ ಎಣ್ಣಿ ಬ್ಯಾಡ್ರಿ, ಅದೇನು ಬಜ್ಜಿ ಅಲ್ಲ,” ಎಂದಳು ಪಕ್ಕೀರಮ್ಮ. ಮುನಿಸು ಮುಗಿದಿತ್ತು.

ಇಂಜಿನ್ನು ಬಂತು, ಹೊಸ ಬಣ್ಣ ಬಿತ್ತು. ಕಾಗದಪತ್ರ ಸರಿಯಾದ ಮೇಲೆ ಒಂದು ಭಾನುವಾರ ಹೊರಟರು. ಸುಂಕಪ್ಪ ಹಳೆಯ ಖಾಕಿ ಅಂಗಿ ತೊಟ್ಟ. ಹೊಟ್ಟೆಯ ಮೇಲಿನ ಗುಂಡಿ ಮಾತ್ರ ಬರಲೊಪ್ಪಲಿಲ್ಲ. ಹುಲುಗೇಶ ಹಿಂದೆ ಕುಳಿತ. ಪಕ್ಕೀರಮ್ಮ ಮುಂದೆ, ಎರಡೂ ಕೈ ಮಡಿಲಲ್ಲಿಟ್ಟು, ರಸ್ತೆಯನ್ನು ತಪಾಸಣೆ ಮಾಡುವವಳಂತೆ ನೇರ ನೋಡುತ್ತ ಕುಳಿತಳು. ಕೊಟ್ಟೂರು ದಾಟಿತು. ಹಡಗಲಿಯೂ ದಾಟಿತು. ಗಾಳಿಗೆ ಹೊಳೆಯ ತಂಪು ಬೆರೆತು, ಮಾಗಳದ ಗದ್ದೆ ಕಾಣುವಾಗ ಜೀಪು ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು.

ಟ್ಯಾಂಕಿನ ಮೂಲೆಯಲ್ಲಿ ಉಳಿದಿದ್ದ ತುಕ್ಕಿನ ಚೂರು ಪೈಪಿನಲ್ಲಿ ಬಂದು ಕುಳಿತಿತ್ತು. ನಟ್ಟು ಬಿಚ್ಚಿ ಊದಲು ಪಾನಾ ಬೇಕು, ಪಾನಾ ಮನೆಯಲ್ಲಿತ್ತು.

“ಇಳಿ ಪಕ್ಕೀರಿ, ಊರು ಇಲ್ಲೇ ಐತಿ. ತಳ್ಳಾನು.”

“ಇಳಿಯಂಗಿಲ್ಲ.”

“ಭಾರ ಆಗತೈತಿ ಕಣಲೇ.”

“ಸಾಹೇಬ್ರು ಎಂದಾರ ಇಳದು ತಳ್ಯಾರೇನ್ರಿ?”

ಸುಂಕಪ್ಪ ಪ್ರಾಮಾಣಿಕ ಮನುಷ್ಯ. ನೆನಪು ಮಾಡಿಕೊಂಡು, “ಇಲ್ಲ,” ಎಂದ.

“ಮತ್ತ?”

ಅವನು ಇಳಿದು ಹಿಂದೆ ಹೋದ. ಹುಲುಗೇಶ ಸ್ಟೇರಿಂಗ್ ಹಿಡಿದು ಹೊರಗಿನಿಂದ ತಳ್ಳಿದ. ಗದ್ದೆಯಲ್ಲಿದ್ದ ನಾಲ್ಕು ಮಂದಿ ಕೆಸರುಗಾಲಲ್ಲೇ ಬಂದು ಕೈಕೊಟ್ಟರು. ಹೀಗೆ ಪಕ್ಕೀರಮ್ಮನ ಜೀಪು ಸದ್ದಿಲ್ಲದೆ ಮಾಗಳವನ್ನು ಹೊಕ್ಕಿತು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಯಾರೋ ಕೈಮುಗಿದೂಬಿಟ್ಟರು; ಅವಳು ತಲೆಯಾಡಿಸಿದಳು.

ಬೆನಕಪ್ಪ ಹೊರಗೆ ಬಂದು ಬಾಯಿ ತೆರೆದ. ಮುಂದಿನ ಸೀಟಿನಲ್ಲಿ ತಂಗಿಯನ್ನು ಕಂಡು ಪಂಚೆ ಸರಿಮಾಡಿಕೊಂಡ. ಪಕ್ಕೀರಮ್ಮ ಇಳಿಯುವ ಆತುರ ತೋರಲಿಲ್ಲ.

“ಯಣ್ಣಾ, ನೀರು ಇಲ್ಲಿಗೇ ತಗೊಂಡು ಬಾ,” ಎಂದಳು. ಹಿಂದೆ ಏದುಸಿರು ಬಿಡುತ್ತಿದ್ದವನ ಕಡೆ ಒಮ್ಮೆ ತಿರುಗಿ ನೋಡಿದಳು. “ಡ್ರೈವರ್ರಿಗೂ ಒಂದು ತಂಬಿಗಿ ತಾ. ಭಾಳ ದಣದಾರ.”