ಹೊಳಪು ಬಳಿದ ಮೆಟ್ಟಿಲು

ಮಣಿಪಾಲದ ಕಡೆಯಿಂದ ಬಂದು ಮಲೇಷ್ಯಾದ ನಿಲಾಯ್‌ನ ಕಾಲೇಜಿನಲ್ಲಿ ಪಾಠ ಮಾಡುವವರೆಲ್ಲ ಕಾಂಡೊ ಎನ್ನುವ ಎತ್ತರದ ಫ್ಲ್ಯಾಟುಗಳಲ್ಲಿ ಇದ್ದರು. ವಾರಿಜಾ ಮಾತ್ರ ಹಠ ಹಿಡಿದು ಊರಾಚೆಯ ಒಂದು ಹಳೆಯ ಮಲಯ್ ಮನೆಯನ್ನು ಬಾಡಿಗೆಗೆ ಹಿಡಿಸಿದಳು. ಕಂಬಗಳ ಮೇಲೆ ನಿಂತ ಮರದ ಮನೆ. ಅಂಗಳದಿಂದ ಜಗಲಿಗೆ ಅಗಲವಾದ ಮರದ ಮೆಟ್ಟಿಲು, ಅದರ ಮೇಲೆ ಸೂರಿಲ್ಲ.

"ಇದೆಂತ ಮಾರಾಯ್ತಿ, ಲಿಫ್ಟ್ ಇರುವ ಮನೆ ಬಿಟ್ಟು?" ಎಂದಿದ್ದ ಗಂಡ ಸುಬ್ರಾಯ. ಅವನು ಅನಾಟಮಿ ಮೇಷ್ಟ್ರು.

"ಇಲ್ಲಿ ನೆಲದ ವಾಸನೆ ಬರ್ತದೆ" ಎಂದಿದ್ದಳು ಅವಳು. ಅಷ್ಟೇ ಕಾರಣ.

ಉಡುಪಿಯಲ್ಲಿದ್ದಾಗ ವಾರಿಜಾ ಫಿಸಿಯೋಥೆರಪಿಸ್ಟ್. ಬಚ್ಚಲಲ್ಲಿ, ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಂದ ಮುದುಕ ಮುದುಕಿಯರನ್ನು ಮತ್ತೆ ನಡೆಸುವುದೇ ಅವಳ ಕೆಲಸವಾಗಿತ್ತು. ಮಲೇಷ್ಯಾದಲ್ಲಿ ಅವಳಿಗೆ ಕೆಲಸದ ಪರವಾನಗಿ ಸಿಗಲಿಲ್ಲ. ಆ ಕಾಳಜಿಯೆಲ್ಲ ಮೆಟ್ಟಿಲಿನ ಮೇಲೆ ಬಿತ್ತು ಎಂದು ಸ್ನೇಹಿತರು ನಗುತ್ತಿದ್ದರು.

ನಗುವಂಥದ್ದೇನೂ ಇರಲಿಲ್ಲ. ಊರಿನಲ್ಲಿ ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಇಲ್ಲಿ ದಿನಾ ಮಧ್ಯಾಹ್ನ ಗುಡುಗಿ ಮಳೆ ಹೊಡೆಯುತ್ತದೆ. ಮರ ಒಣಗುವುದೇ ಇಲ್ಲ. ಒಂದು ವಾರ ಕಣ್ಣು ತಪ್ಪಿದರೆ ಹಲಗೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ ಕೂರುತ್ತದೆ. ವಾರಿಜಾ ಬಿದ್ದ ಎಲೆಗಳನ್ನು ಬೆಳಿಗ್ಗೆಯೇ ಗುಡಿಸುತ್ತಿದ್ದಳು. ವಿನೆಗರ್ ಬೆರೆಸಿದ ನೀರು ಹಾಕಿ, ಮರದ ಎಳೆ ಹೋದ ದಿಕ್ಕಿನಲ್ಲೇ ಬ್ರಶ್‌ನಿಂದ ತಿಕ್ಕುತ್ತಿದ್ದಳು. ಹಲಗೆಗಳ ಸಂದಿಯಲ್ಲಿ ಸಿಕ್ಕಿದ ಮಣ್ಣನ್ನು ಹಳೆಯ ಚಾಕುವಿನಿಂದ ಕೆದಕಿ ನೀರು ಇಳಿಯಲು ದಾರಿ ಮಾಡುತ್ತಿದ್ದಳು. ಪ್ರತಿ ಮೆಟ್ಟಿಲಿನ ಅಂಚಿಗೂ ಒರಟು ರಬ್ಬರ್ ಪಟ್ಟಿ ಹೊಡೆಸಿದ್ದಳು. ನೋಡಲು ಚೆಂದವಿರಲಿಲ್ಲ. ಆದರೆ ಕಾಲು ನಿಲ್ಲುತ್ತಿತ್ತು.

ಶರ್ಮಿಳಾಳಿಗೆ ಆ ಮೆಟ್ಟಿಲು ಕಂಡರೆ ಆಗುತ್ತಿರಲಿಲ್ಲ. ಶರ್ಮಿಳಾ ಎಂದರೆ ಸುಬ್ರಾಯನ ವಿಭಾಗದ ಮುಖ್ಯಸ್ಥ ಸದಾಶಿವರ ಹೆಂಡತಿ, ಈ ದೇಶದಲ್ಲಿ ವಾರಿಜಾಳಿಗೆ ಅಕ್ಕತಂಗಿಯ ಹಾಗಿದ್ದವಳು. ಕಾಯಿಲೆ ಬಿದ್ದರೆ ಗಂಜಿ ತರುವವಳು, ವಾರಕ್ಕೊಮ್ಮೆ ಮಾಮಕ್ ಹೋಟೆಲಿನಲ್ಲಿ ಎದುರು ಕೂತು ನೊರೆ ಬರಿಸಿದ ತೆಹ್ ತಾರಿಕ್ ಚಹಾ ಕುಡಿಯುತ್ತ ಮನಸ್ಸು ಬಿಚ್ಚುವವಳು.

"ಬಣ್ಣ ಹೊಡಿಸೇ. ದೀಪ ಇಟ್ಟು ಫೋಟೋ ತೆಗೆದರೆ ಗೋಡೌನಿನ ಹಾಗೆ ಕಾಣ್ತದೆ" ಎನ್ನುತ್ತಿದ್ದಳು.

"ಹೊಳೆಯುವ ಬಣ್ಣ ಹೊಡೆದರೆ ಮಳೆಯಲ್ಲಿ ಎಣ್ಣೆ ಬಿದ್ದ ಹಾಗೆ ಜಾರ್ತದೆ, ಬೇಡ" ಎಂದು ವಾರಿಜಾ ಪ್ರತಿ ಸಲವೂ ಹೇಳುತ್ತಿದ್ದಳು.

ಆ ವರ್ಷ ದೀಪಾವಳಿಯ ಭಜನೆ ವಾರಿಜಾಳ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಅದಕ್ಕೆ ಕೆಲವೇ ದಿನ ಇರುವಾಗ ದೂರದ ಬಯಾನ್ ಲೆಪಾಸ್ ಊರಿನಲ್ಲಿದ್ದ ಮಗಳು ಶ್ರೀಯಾಳ ಫೋನ್ ಬಂತು, ಡೆಂಗಿ ಜ್ವರ. ವಾರಿಜಾ ಬಸ್ಸು ಹತ್ತಿದಳು. ಹೊರಡುವಾಗ ಗಂಡನಿಗೂ ಶರ್ಮಿಳಾಳಿಗೂ ಹೇಳಿದ್ದು ಒಂದೇ ಮಾತು: "ಮೆಟ್ಟಿಲಿನ ಮೇಲೆ ಎಲೆ ನಿಲ್ಲಲಿಕ್ಕೆ ಬಿಡಬೇಡಿ."

ಹಬ್ಬದ ಸಂಜೆ ಅವಳು ಮಗಳ ಹಾಸಿಗೆಯ ಪಕ್ಕ ಇದ್ದಳು. ಸುಬ್ರಾಯನ ಫೋನ್ ಬಂತು. ಭಜನೆಗೆ ಬಂದ ಸದಾಶಿವರ ತಾಯಿ ರತ್ನಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಶ್ರೀಯಾಳ ಜ್ವರ ಇಳಿದ ಮೇಲೆ ವಾರಿಜಾ ಮನೆಗೆ ಬಂದಳು. ಅಂಗಳದಲ್ಲೇ ನಿಂತುಬಿಟ್ಟಳು. ಮೆಟ್ಟಿಲು ಕಂದು ಬಣ್ಣದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಬ್ಬರ್ ಪಟ್ಟಿಗಳು ಒಂದೂ ಇರಲಿಲ್ಲ.

"ಇದು ಯಾರ ಕೆಲಸ?"

"ಮನೆಯ ಓನರ್ ಯಾರನ್ನೋ ಕಳಿಸಿದ್ದ" ಎಂದ ಸುಬ್ರಾಯ. "ನಾನು ಕಾಲೇಜಿನಲ್ಲಿದ್ದೆ."

ಆಸ್ಪತ್ರೆಗೆ ಹೋದಾಗ ರತ್ನಮ್ಮನ ಕೋಣೆಯಲ್ಲಿದ್ದ ನಾಲ್ಕಾರು ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಳು ಮೆಲ್ಲಗೆ, "ಹಬ್ಬಕ್ಕೆ ಚೆಂದ ಕಾಣಲಿ ಅಂತ ಓನರಿಗೆ ನೀವೇ ಹೇಳಿ ಬಣ್ಣ ಹೊಡಿಸಿದ್ದಂತಲ್ಲ?" ಎಂದಳು.

"ನಾನಾ? ಯಾರು ಹೇಳಿದ್ದು?"

ಶರ್ಮಿಳಾ ಅತ್ತೆಯ ಹೊದಿಕೆ ಸರಿಮಾಡುತ್ತ ಇದ್ದಳು. ತಲೆ ಎತ್ತಲಿಲ್ಲ.

ಮನೆಗೆ ಬಂದವಳೇ ವಾರಿಜಾ ಓನರ್ ರಜಾಲಿಗೆ ಫೋನ್ ಮಾಡಿ ಜಗಳಕ್ಕೆ ನಿಂತಳು. ಆ ಮನುಷ್ಯ ಗಾಬರಿಯಾಗಿ ತನ್ನ ಮೋಟರ್‌ಬೈಕಿನಲ್ಲಿ ಬಂದೇಬಿಟ್ಟ. ಮೆಟ್ಟಿಲು ನೋಡಿ ತಲೆಯಾಡಿಸಿದ. ತಾನು ಯಾರನ್ನೂ ಕಳಿಸಿಲ್ಲ, ಮಳೆಗಾಲದಲ್ಲಿ ಯಾರಾದರೂ ಮರಕ್ಕೆ ಬಣ್ಣ ಹೊಡೆಯುತ್ತಾರಾ, ಮಿಸ್ಟರ್ ಸುಬ್ರಾಯರೇ ಅನುಮತಿ ಕೇಳಿ ಫೋನ್ ಮಾಡಿದ್ದರಲ್ಲ, ಎಂದ.

ಸುಬ್ರಾಯ ಸಂಜೆ ಬಂದಾಗ ವಾರಿಜಾ ಜಗಲಿಯಲ್ಲಿ ಕೂತಿದ್ದಳು.

"ರಜಾಲಿ ಬಂದಿದ್ದ" ಎಂದಳು.

ಅವನು ಬ್ಯಾಗನ್ನು ಕೆಳಗಿಟ್ಟ. ಶೂ ಬಿಚ್ಚಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಬಣ್ಣ ಶರ್ಮಿಳಾಳ ಯೋಚನೆ, ವಾರಿಜಾಳಿಗೆ ಸರ್ಪ್ರೈಸ್ ಕೊಡೋಣ ಎಂದಿದ್ದಳು. ಪಟ್ಟಿ ಕಿತ್ತವನು ಅವನು. ಇಬ್ಬರೂ ಸೇರಿ ಬಳಿದರು. ರತ್ನಮ್ಮ ಬಿದ್ದ ಮೇಲೆ ಶರ್ಮಿಳಾ ಹೆದರಿ ಅತ್ತಳು. ಗಂಡನಿಗೆ ಗೊತ್ತಾದರೆ ತನ್ನನ್ನು ಉಳಿಸುವುದಿಲ್ಲ ಎಂದಳು. ಜನ ಕೇಳಿದಾಗ ಅವಳ ಬಾಯಿಗೆ ಬಂದದ್ದು ವಾರಿಜಾಳ ಹೆಸರು.

"ನೀವು ಅಲ್ಲೇ ಇದ್ದಿರಾ, ಅವಳು ಹಾಗೆ ಹೇಳುವಾಗ?"

"ಇದ್ದೆ."

"ಸುಮ್ಮನಿದ್ದಿರಾ?"

"ನನ್ನ ಕಾಂಟ್ರ್ಯಾಕ್ಟ್ ಸದಾಶಿವರ ಕೈಯಲ್ಲುಂಟು ವಾರಿಜಾ. ಅವರ ತಾಯಿಯ ಸೊಂಟ ಮುರಿದವನು ನಾನು ಅಂತಾದರೆ? ನೀನಾದರೆ ಕಾಲೇಜಿನವಳಲ್ಲ. ಜನ ಸ್ವಲ್ಪ ದಿನ ಮಾತಾಡಿ ಮರೀತಾರೆ ಅಂದುಕೊಂಡೆ."

ವಾರಿಜಾಳಿಗೆ ಅಳು ಬರಲಿಲ್ಲ. ಶರ್ಮಿಳಾ ಹೆದರಿ ಸುಳ್ಳು ಹೇಳಿದ್ದು ಅವಳಿಗೆ ಅರ್ಥವಾಯಿತು, ಕ್ಷಮಿಸಲಾಗದಿದ್ದರೂ. ಆದರೆ ಇವನು ಹೆದರಿ ಸುಮ್ಮನಿದ್ದದ್ದಲ್ಲ. ಕೂತು ಯೋಚಿಸಿ, ಇಬ್ಬರಲ್ಲಿ ಯಾರ ಹೆಸರು ಹೋದರೆ ನಷ್ಟ ಕಡಿಮೆ ಎಂದು ತೂಗಿ ನೋಡಿದ್ದ.

ಮರುದಿನ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು. ಸದಾಶಿವರೂ ಶರ್ಮಿಳಾಳೂ ಅಲ್ಲೇ ಇದ್ದರು. ವಾರಿಜಾ ನಿಂತುಕೊಂಡೇ ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಗಂಡನ ಹೆಸರನ್ನೂ ಬಿಡದೆ. ಶರ್ಮಿಳಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸದಾಶಿವರು ಕೂಗಾಡುತ್ತಾರೆ ಎಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಒರೆಸಿ, "ಬಿದ್ದದ್ದು ಬಿದ್ದಾಯ್ತು. ಯಾರು ಬಳಿದರೂ ಬೇಕಂತ ಬಳಿದದ್ದಲ್ಲ. ಸುಬ್ರಾಯ ಮೊದಲೇ ಹೇಳಿದ್ದರೂ ನಾನು ಇದನ್ನೇ ಹೇಳ್ತಿದ್ದೆ" ಎಂದರು.

ಅದನ್ನು ಕೇಳಿದ ಮೇಲೆಯೇ ವಾರಿಜಾ ಕುರ್ಚಿ ಎಳೆದು ಕೂತದ್ದು. ನಿಜ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಏನೂ ಆಗದಿರುತ್ತಿದ್ದ ಒಂದು ವಿಷಯಕ್ಕಾಗಿ ಅವಳನ್ನು ಬಲಿ ಕೊಟ್ಟಿದ್ದರು.

ರತ್ನಮ್ಮ ಅವಳ ಕೈ ಹಿಡಿದು ಹತ್ತಿರ ಎಳೆದರು. "ನನಗೆ ಗೊತ್ತಿತ್ತು ಮಗಾ. ಈ ಸೊಸೆಯ ಚೂಡಿದಾರದಲ್ಲಿ ಬಣ್ಣದ ಕಲೆ ನೋಡಿದ್ದೆ. ಆದರೆ ನಾನು ಇರಬೇಕಾದ್ದು ಇವಳ ಕೈಯಡಿಯಲ್ಲಲ್ಲವಾ" ಎಂದರು.

ಮುದುಕಿಯ ಮೇಲೆ ಸಿಟ್ಟು ಮಾಡಲು ವಾರಿಜಾಳಿಗೆ ಆಗಲಿಲ್ಲ. ಆಪರೇಶನ್ ಆಗಿ ರತ್ನಮ್ಮ ಮನೆಗೆ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ವಾಕರ್ ಹಿಡಿಸಿ ನಡೆಸಿದಳು. ಶರ್ಮಿಳಾ ಬಾಗಿಲು ತೆಗೆಯುತ್ತಿದ್ದಳು, ಕಾಫಿ ಇಡುತ್ತಿದ್ದಳು. ಒಂದು ದಿನ "ನನ್ನನ್ನು ಬೈದಾದರೂ ಬಿಡೇ" ಎಂದಳು. ವಾರಿಜಾ, "ಅತ್ತೆಗೆ ಬಲಗಾಲಿನ ಮೇಲೆ ಈಗಲೇ ಭಾರ ಹಾಕಲಿಕ್ಕೆ ಬಿಡಬೇಡ" ಎಂದಳು. ಕಾಫಿ ಅಲ್ಲೇ ಆರಿತು.

ಮೆಟ್ಟಿಲಿನ ಬಣ್ಣವನ್ನು ಅವಳೇ ಕೆರೆದಳು. ಮಳೆ ಬಿಟ್ಟ ಹೊತ್ತು ನೋಡಿ, ಒಂದೊಂದೇ ಹಲಗೆ. ಸುಬ್ರಾಯ ಇನ್ನೊಂದು ಕೆರೆಯುವ ತಗಡು ತಂದು ಪಕ್ಕದಲ್ಲಿ ಕೂತಾಗ ಅವಳು ಎದ್ದು ಒಳಗೆ ಹೋದಳು. ಅವನು ಮತ್ತೆ ಬರಲಿಲ್ಲ.

ಜನ ಮಾತಾಡುವುದನ್ನು ಬಿಟ್ಟಿರಲಿಲ್ಲ. ವಾರಿಜಾಳನ್ನು ಬಿಟ್ಟರೆ ನಿಜ ಗೊತ್ತಿದ್ದವರು ನಾಲ್ಕೇ ಜನ, ಅವರಲ್ಲಿ ಯಾರೂ ಹೊರಗೆ ಹೇಳಿರಲಿಲ್ಲ. ಒಂದು ದಿನ ಊಟ ಬಡಿಸುತ್ತ ವಾರಿಜಾ, "ಯಾರ ಎದುರು ಸುಮ್ಮನಿದ್ದಿರೋ ಅವರ ಎದುರೇ ಹೇಳಬೇಕು. ಅಲ್ಲಿಯವರೆಗೆ ನನ್ನ ಹತ್ತಿರ ಕ್ಷಮೆ ಕೇಳಬೇಡಿ" ಎಂದಳು.

ಮುಂದಿನ ಭಜನೆ ಸದಾಶಿವರ ಕಾಂಡೊದಲ್ಲಿ ಆಯಿತು. ವಾರಿಜಾ ಹೋಗಲಿಲ್ಲ. ಮಂಗಳಾರತಿಯ ನಂತರ ಸುಬ್ರಾಯ ಎದ್ದು ನಿಂತು ಎಲ್ಲರ ಎದುರು ಹೇಳಿದನಂತೆ, ಯಾರೋ ನೀರು ಕೊಟ್ಟರಂತೆ. ಅವನು ಮನೆ ತಲುಪುವ ಮೊದಲೇ ಅವಳಿಗೆ ಫೋನುಗಳು ಬಂದವು. ಎಲ್ಲರೂ ಅವನ ಧೈರ್ಯವನ್ನು ಹೊಗಳಿದರು. "ಅಷ್ಟು ಜನರ ಎದುರು ಒಪ್ಪಿಕೊಳ್ಳುವುದು ಸುಲಭವಾ ವಾರಿಜಕ್ಕ? ಇನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರು.

ಸುಬ್ರಾಯ ಒಳಗೆ ಬಂದು, "ಹೇಳಿದೆ" ಎಂದ.

"ಗೊತ್ತಾಯ್ತು" ಎಂದಳು ವಾರಿಜಾ.

ಮಗಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗಿಬರುತ್ತೇನೆ ಎಂದು ಅವಳು ಆಗಲೇ ಟಿಕೆಟ್ ತೆಗೆದಾಗಿತ್ತು. ಅವನು ಬಸ್ ನಿಲ್ದಾಣದವರೆಗೆ ಬಿಟ್ಟು, ಯಾವಾಗ ಬರುತ್ತೀ ಎಂದು ಕೇಳಿದ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿ ಬಸ್ಸು ಹತ್ತಿದಳು.