ಕಳೆಯದ ತೂಕ

ಶೆನ್ ಫೂಗೆನ್ ಮೂವತ್ತು ವರ್ಷಕ್ಕೂ ಮಿಕ್ಕಿ ಬೈಗುಳ ತಿಂದು ಬದುಕಿದ ಮನುಷ್ಯ. ಹುಝೌ ಸೀಮೆಯ ಒಂದು ಕಾಲುವೆಯೂರಿನ ರೇಷ್ಮೆಗೂಡು ಖರೀದಿ ಕೇಂದ್ರದಲ್ಲಿ ಅವನದು ತೂಗುವ ಕೆಲಸ. ದೋಣಿಗಳಲ್ಲಿ ಬುಟ್ಟಿಗಟ್ಟಲೆ ಗೂಡು ಬರುತ್ತಿತ್ತು. ಫೂಗೆನ್ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಕಟಕಟ ಎಂದರೆ ಸರಿ, ಇಲ್ಲವಾದರೆ ಯಾರೋ ತೂಕ ಬರಲೆಂದು ನೀರು ಚಿಮುಕಿಸಿದ್ದಾರೆ ಎಂದು ಅರ್ಥ. ಹಸಿಗೆ ಇಷ್ಟು, ಬುಟ್ಟಿಗೆ ಇಷ್ಟು, ಕಲೆ ಬಿದ್ದ ಗೂಡಿಗೆ ಇಷ್ಟು ಎಂದು ಅವನು ಕಳೆಯುತ್ತ ಹೋದಂತೆ ಎದುರಿಗೆ ನಿಂತವರ ಮುಖ ಇಳಿಯುತ್ತ ಹೋಗುತ್ತಿತ್ತು.

“ಮದುವೇಲಿ ಹೆಂಡ್ತೀನ ತೂಗಿ, ಬಟ್ಟೆ ಒಡವೆ ತೂಕ ಕಳೆದೇ ಮನೆಗೆ ಕರ್ಕೊಂಡ್ಯೇನಯ್ಯಾ?” ಎಂದು ಹೆಂಗಸರು ಕಿಚಾಯಿಸುತ್ತಿದ್ದರು. ಅವನು ನಗುತ್ತಿರಲಿಲ್ಲ. ನಕ್ಕರೆ ಕಾಲು ಜಿನ್ ಬಿಟ್ಟುಕೊಡಬೇಕಾದೀತು ಎಂಬ ಭಯ. ಎರಡು ಜಿನ್ ಸೇರಿದರೆ ಒಂದು ಕಿಲೋ. ಕಾಲು ಜಿನ್ನಿಗೂ ಜೀವ ಬಿಡುವ ಜನ ಎರಡೂ ಕಡೆ ಇದ್ದರು.

ಇಂಥವನಿಗೆ ವರ್ಷದಲ್ಲಿ ಒಂದೇ ಒಂದು ದಿನ ಬಿಡುಗಡೆ. ಮೇ ತಿಂಗಳ ಮೊದಲಲ್ಲಿ, ಅಲ್ಲಿನ ಪಂಚಾಂಗದಂತೆ ಬೇಸಿಗೆ ಹೊಕ್ಕ ದಿನ, ಓಣಿಯ ಮಕ್ಕಳೆಲ್ಲ ಬೇಯಿಸಿದ ಮೊಟ್ಟೆಯನ್ನು ನೂಲಿನ ಬಲೆಯಲ್ಲಿ ಕೊರಳಿಗೆ ನೇತುಹಾಕಿಕೊಂಡು ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ತೊಲೆಗೆ ಕೋಲುತಕ್ಕಡಿ ಕಟ್ಟಿ ಅವನು ಒಬ್ಬೊಬ್ಬರನ್ನೇ ತೂಗಬೇಕು. ಆ ದಿನದ ಕಟ್ಟಳೆಯೇ ಬೇರೆ. ಕೋಲಿನ ಮೇಲಿನ ಕಬ್ಬಿಣದ ಗುಂಡನ್ನು ಒಳಗಿನಿಂದ ಹೊರಕ್ಕೆ ಸರಿಸಬಹುದು, ಹೊರಗಿನಿಂದ ಒಳಕ್ಕೆ ಮಾತ್ರ ಕೂಡದು. ಗುಂಡು ಹಿಂದೆ ಬಂದರೆ ಮಗುವಿನ ಆಯುಸ್ಸು ಹಿಂದೆ ಬಂದಂತೆ. ತೂಕ ಒಂಬತ್ತಕ್ಕೋ ಹತ್ತೊಂಬತ್ತಕ್ಕೋ ನಿಂತರೆ ಅಲ್ಲಿ ಬಿಡುವಂತಿಲ್ಲ, ಒಂದು ಸೇರಿಸಿ ಕೂಗಬೇಕು. ಕೂಗುವ ಮಾತೂ ಒಳ್ಳೆಯದೇ ಆಗಿರಬೇಕು. ಬುಟ್ಟಿ, ಬಟ್ಟೆ ಯಾವುದನ್ನೂ ಕಳೆಯುವ ಮಾತಿಲ್ಲ. ಆ ಒಂದು ದಿನ ಫೂಗೆನ್ ಧಾರಾಳಿಯಾಗುತ್ತಿದ್ದ. ತಾಯಂದಿರ ಮುಖ ಅರಳುವುದನ್ನು ನೋಡುವುದು ಅವನಿಗೆ ಕುಡಿತಕ್ಕಿಂತ ಹೆಚ್ಚಿನ ಚಟವಾಗಿತ್ತು. ನಿವೃತ್ತಿಯಾದ ಮೇಲೂ, ಹೆಂಡತಿ ತೀರಿಕೊಂಡ ಮೇಲೂ ಇದನ್ನು ಮಾತ್ರ ಬಿಟ್ಟಿರಲಿಲ್ಲ.

ಮಗ ಮರಳು ಸಾಗಿಸುವ ಹಡಗಿನಲ್ಲಿ ತಿಂಗಳುಗಟ್ಟಲೆ ಕಾಲುವೆಯ ಮೇಲೇ ಇರುತ್ತಿದ್ದ. ಸೊಸೆ ವೆನ್‌ಯಾನ್ ಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಹೀಗಾಗಿ ಮೊಮ್ಮಗಳನ್ನು ಸಾಕುವ ಭಾರವೆಲ್ಲ ಫೂಗೆನ್‌ನದು. ಕೂಸಿಗೆ ಶಾವ್‌ಜ್ಯಾನ್ ಎಂದು ಕರೆಯುವ ಹೆಸರಿಟ್ಟವನೂ ಅವನೇ. ಪುಟ್ಟ ರೇಷ್ಮೆಗೂಡು ಎಂದು ಅದರ ಅರ್ಥ. ಹಾಲುಪುಡಿ ಕಲಸುವುದು, ಡಯಾಪರ್ ಬದಲಿಸುವುದು ಎಲ್ಲ ಮುದುಕನಿಗೆ ಕರಗತವಾಗಿತ್ತು. ಹಾಲು ಹೀರುವಾಗ ಕೂಸಿನ ಹಣೆಯಲ್ಲಿ ಬೆವರು ಮೂಡುತ್ತಿತ್ತು, ಅರ್ಧಕ್ಕೇ ಬಾಯಿ ಬಿಟ್ಟು ನಿದ್ದೆ ಹೋಗುತ್ತಿತ್ತು. “ಎಷ್ಟು ಜೋರಾಗಿ ಹೀರ್ತಾಳೆ ನೋಡು, ಸುಸ್ತಾಗೋ ಅಷ್ಟು!” ಎಂದು ಅವನು ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿದ.

ಆ ವರ್ಷದ ಬೇಸಿಗೆ ಹೊಕ್ಕ ದಿನ ಶಾವ್‌ಜ್ಯಾನ್‌ಗೆ ಏಳು ತಿಂಗಳು ತುಂಬಿತ್ತು. ತಾತನ ತಕ್ಕಡಿಯಲ್ಲಿ ಅವಳ ಮೊದಲ ತೂಕ ಅದು. ದಪ್ಪ ರಗ್ಗು ಹಾಸಿದ ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ತೂಗುಕೊಕ್ಕೆಗೆ ಬುಟ್ಟಿ ಸಿಕ್ಕಿಸಿ, ಫೂಗೆನ್ ಗುಂಡನ್ನು ಬೇಕಂತಲೇ ಸ್ವಲ್ಪ ಆಚೆಗೆ ಇಟ್ಟ. ಕೋಲಿನ ಬಾಲ ಕೆಳಗೆ ಬಾಗಿತು. ಬೇರೆ ದಿನವಾಗಿದ್ದರೆ ಹಿಂದಕ್ಕೆ ಸರಿಸಬೇಕಿತ್ತು. ಇವತ್ತು ಹಾಗೆ ಮಾಡುವಂತಿಲ್ಲವಲ್ಲ. ಗುಂಡು ಹತ್ತೊಂಬತ್ತರ ಗೆರೆಯ ಮೇಲಿತ್ತು.

“ಇಪ್ಪತ್ತು ಜಿನ್!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. “ಇಪ್ಪತ್ತು ಜಿನ್ ರೇಷ್ಮೆ ನಮ್ಮನೇಲಿ! ನೂರು ವರ್ಷ ನೂತರೂ ಮುಗಿಯಲ್ಲ!”

ಓಣಿಯವರು ಚಪ್ಪಾಳೆ ತಟ್ಟಿದರು. ವೆನ್‌ಯಾನ್ ಕಣ್ಣಲ್ಲಿ ನೀರು ಬಂತು. ಒಂದು ಹಿಡಿ ಗೂಡಿನಲ್ಲಿ ನಾಲ್ಕು ಹನಿ ನೀರನ್ನು ಪತ್ತೆಹಚ್ಚುತ್ತಿದ್ದ ಮನುಷ್ಯ, ಸ್ವಂತ ಮೊಮ್ಮಗಳ ನೆನೆದ ಡಯಾಪರನ್ನೂ ತೂಕಕ್ಕೆ ಸೇರಿಸಿ ಬೀಗಿದ. ಕೂಗಿದವನು ಅದನ್ನು ಹಬ್ಬದ ಮಾತು ಎಂದು ಅಲ್ಲೇ ಬಿಟ್ಟಿದ್ದರೆ ಕೇಡಿರಲಿಲ್ಲ. ಆದರೆ ಎಲ್ಲರೂ ಹೊಗಳಿದ ಸುಳ್ಳನ್ನು ಹೇಳಿದವನೂ ಸ್ವಲ್ಪ ನಂಬುತ್ತಾನೆ.

ಆ ವಾರವೇ ಡಯಾಪರ್ ಮುಗಿದವು. “ಹತ್ತು ಕಿಲೋ ಅಂದ್ರೆ ಎಲ್ ಸೈಜು ತರ್ಬೇಕು ಅಲ್ವಾ ಅಪ್ಪಾ?” ಎಂದು ವೆನ್‌ಯಾನ್ ಕೇಳಿದಳು. ಪೊಟ್ಟಣದ ಮೇಲೆ ಯಾವ ತೂಕಕ್ಕೆ ಯಾವ ಸೈಜು ಎಂದು ಬರೆದಿರುತ್ತದೆ.

“ಮತ್ತೇನು! ಎಲ್ ತಾ. ನಮ್ಮ ಹುಡುಗಿ ಚಿಕ್ಕದ್ರಲ್ಲಿ ಹಿಡಿಸ್ತಾಳಾ?”

ಎಲ್ ಸೈಜು ತೊಡೆಯ ಹತ್ತಿರ ಬಾಯಿ ಬಿಟ್ಟುಕೊಂಡಿತು. ಹಾಸಿಗೆ ಒದ್ದೆ, ಅಂಗಿ ಒದ್ದೆ. ಮಕ್ಕಳ ಸಾಮಾನಿನ ಅಂಗಡಿಯವಳನ್ನು ಕೇಳಿದರೆ, “ಸೋರ್ತಿದೆ ಅಂದ್ರೆ ಸಾಲ್ತಾ ಇಲ್ಲ ಅಂತ. ಇನ್ನೊಂದು ಸೈಜು ಮೇಲಕ್ಕೆ ಹೋಗಿ ದೊಡ್ಡಪ್ಪಾ, ಮಗು ಬೆಳೀತಿದೆ” ಎಂದಳು. ಆ ಮಾತು ಫೂಗೆನ್‌ಗೆ ಸಕ್ಕರೆಯಂತಿತ್ತು. ಎಕ್ಸ್‌ಎಲ್ ಬಂತು. ಅದು ಇನ್ನೂ ಸೋರಿತು. ಸೊಂಟದ ಪಟ್ಟಿಯನ್ನು ಒಂದರ ಮೇಲೊಂದು ಎಳೆದು ಅಂಟಿಸಿ, ಮೇಲೊಂದು ಚಡ್ಡಿ ಬಿಗಿದು ಅವನು ಸುಧಾರಿಸಿದ. ದಪ್ಪ ಡಯಾಪರ್ ಮೇಲೆ ದಪ್ಪ ಚಡ್ಡಿ ಸೇರಿ ಕೂಸು ಗುಂಡುಗುಂಡಾಗಿಯೇ ಕಾಣುತ್ತಿತ್ತು. ಎತ್ತಿಕೊಂಡವರೆಲ್ಲ ಹಿಂದೆ ತಟ್ಟಿ, “ಆಹಾ, ತುಂಬ್ಕೊಂಡಿದೆ!” ಎನ್ನುತ್ತಿದ್ದರು. ತುಂಬಿಕೊಂಡಿದ್ದದ್ದು ಹತ್ತಿ.

ಹೆತ್ತವಳ ಕಣ್ಣು ಅಷ್ಟು ಸುಲಭಕ್ಕೆ ಮೋಸಹೋಗುವುದಿಲ್ಲ. ಒಂದು ಸಂಜೆ ಸ್ನಾನ ಮಾಡಿಸುವಾಗ ವೆನ್‌ಯಾನ್ ಹೇಳಿದಳು, “ಅಪ್ಪಾ, ಇವಳ ಕೈ ಸಣ್ಣ ಆಗಿಲ್ವಾ?”

“ಮಕ್ಕಳು ಹೊರಳಾಡೋಕೆ ಶುರು ಮಾಡಿದ್ರೆ ಕೈ ಗಟ್ಟಿಯಾಗುತ್ತೆ, ಸಣ್ಣ ಕಾಣುತ್ತೆ. ಅಂಥ ಮಾತು ಬಾಯಲ್ಲಿ ತರ್ಬೇಡ.”

ಜೂನ್ ತಿಂಗಳಲ್ಲಿ ಲಸಿಕೆಗೆ ಬರಲು ಆರೋಗ್ಯ ಕೇಂದ್ರದಿಂದ ಕರೆ ಬಂತು. ಕೂಸಿಗೆ ನೆಗಡಿಯಿತ್ತು, ಹೋಗಲಾಗಲಿಲ್ಲ. ನೆಗಡಿ ವಾಸಿಯಾದ ಮೇಲೆ ವೆನ್‌ಯಾನ್ ಎರಡು ಸಲ ನೆನಪಿಸಿದಳು, “ಲಸಿಕೆ ಹಾಕಿಸಿ, ಹಾಗೇ ಒಂದ್ಸಲ ತೂಕನೂ ನೋಡಿಸೋಣ.” ಫೂಗೆನ್ ಒಪ್ಪಲಿಲ್ಲ. ಮಳೆ ಎಂದ, ಬಿಸಿಲು ಎಂದ. ತೂಕದ ಮಾತು ಬಂದಾಗ, “ಆಗಸ್ಟಲ್ಲಿ ಶರತ್ಕಾಲ ಹೊಕ್ಕ ದಿನ ಹೇಗೂ ಮನೇಲಿ ಇನ್ನೊಂದ್ಸಲ ನಾನೇ ತೂಗ್ತೀನಲ್ಲ, ಅದಕ್ಯಾಕೆ ಆತುರ?” ಎಂದ. ಅವನ ಎದೆಯ ಮೂಲೆಯಲ್ಲಿ ಒಂದು ಅಳುಕು ಆಗಲೇ ಕೂತಿತ್ತು. ಆಸ್ಪತ್ರೆಯ ಯಂತ್ರಕ್ಕೆ ಹಬ್ಬದ ಕಟ್ಟಳೆ ಗೊತ್ತಿಲ್ಲ, ಅದು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತದೆ ಎಂದು ಅವನು ಹೆದರಿದ್ದ. ಹೆದರಿಕೆಯನ್ನು ಹೆದರಿಕೆ ಎಂದು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಮನೆಯಲ್ಲಿದ್ದ ಕೊನೆಯ ಡಯಾಪರೂ ಮುಗಿಯಿತು. ಅಂಗಡಿಯವಳು ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿಕೊಂಡಿದ್ದಳು. ಪಕ್ಕದ ಮನೆಯ ಹೈತಾಂಗ್‌ಗೆ ಮೂರು ತಿಂಗಳ ಗಂಡುಮಗು. ಫೂಗೆನ್ ಕಿಟಕಿಯಿಂದಲೇ ಕೂಗಿದ.

“ಹೈತಾಂಗ್, ಒಂದೇ ಒಂದು ಡಯಾಪರ್ ಇದ್ರೆ ಕೊಡಮ್ಮಾ.”

“ಕೊಡ್ತೀನಿ, ಆದ್ರೆ ನಮ್ಮದು ಎಸ್ ಸೈಜು ದೊಡ್ಡಪ್ಪಾ. ನಿಮ್ಮ ಇಪ್ಪತ್ತು ಜಿನ್ನಿನ ರಾಜಕುಮಾರಿಗೆ ಒಂದು ಕಾಲೂ ತೂರಲ್ಲ!” ಎಂದು ನಗುತ್ತ ಅವಳು ಒಂದನ್ನು ಕಿಟಕಿಯಲ್ಲಿ ಚಾಚಿದಳು.

ತೂರದಿದ್ದರೆ ಒಳಗೆ ಬಟ್ಟೆ ಇಟ್ಟು ಕಟ್ಟೋಣ ಎಂದುಕೊಂಡು ಫೂಗೆನ್ ಕೂಸನ್ನು ಚಾಪೆಯ ಮೇಲೆ ಮಲಗಿಸಿದ. ಡಯಾಪರ್ ಕೆಳಗೆ ಸರಿಸಿ ಎರಡೂ ಪಟ್ಟಿ ಎಳೆದ. ಅವು ಸೊಂಟದ ನಡುವೆ, ಗುರುತು ಹಾಕಿದ ಜಾಗದಲ್ಲೇ ಅಂಟಿದವು. ತೊಡೆಯ ಸುತ್ತ ಒಂದು ಬೆರಳಷ್ಟೂ ಸಂದಿಲ್ಲ, ಬಿಗಿಯೂ ಇಲ್ಲ. ತಿಂಗಳುಗಳಿಂದ ಸೋರುತ್ತಿದ್ದ ಜಾಗ ಸರಿಯಾಗಿ ಮುಚ್ಚಿಕೊಂಡಿತ್ತು. ಮೂರು ತಿಂಗಳ ಕೂಸಿನ ಡಯಾಪರ್ ಒಂಬತ್ತು ತಿಂಗಳು ದಾಟಿದ ಅವನ ಮೊಮ್ಮಗಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಶಾವ್‌ಜ್ಯಾನ್ ತಾತನ ಮುಖ ನೋಡಿ ನಕ್ಕಳು. ನಗುವಾಗ ಅವಳ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ದಪ್ಪ ಬಟ್ಟೆಗಳ ಅಡಿಯಲ್ಲಿ ಇದ್ದದ್ದು ಇಷ್ಟೇ ಎಂದು ಅವನು ಮೊದಲ ಸಲ ಕಣ್ಣು ಬಿಟ್ಟು ನೋಡಿದ.

ಅವನು ಅಟ್ಟದಿಂದ ತಕ್ಕಡಿ ಇಳಿಸಿ ತಂದು ತೊಲೆಗೆ ಕಟ್ಟಿದ. ಬುಟ್ಟಿಯಲ್ಲಿ ಕೂಸನ್ನು ಕೂರಿಸಿ ಗುಂಡನ್ನು ಹತ್ತೊಂಬತ್ತಕ್ಕೆ ಇಟ್ಟ. ಕೋಲಿನ ಬಾಲ ನೆಲಕ್ಕೆ ಹೊಡೆಯಿತು. ಗುಂಡನ್ನು ಒಂದು ಗೆರೆ ಒಳಕ್ಕೆ ತಂದ, ಮತ್ತೊಂದು ಗೆರೆ ತಂದ, ಕೋಲು ಏಳಲೊಲ್ಲದು. ಇನ್ನೂ ಒಳಕ್ಕೆ ತರಬೇಕಾಯಿತು. ಕೋಲು ನೆಟ್ಟಗಾದ ಮೇಲೆ, ಕೇಂದ್ರದಲ್ಲಿ ಮಾಡುತ್ತಿದ್ದ ಹಾಗೆ ಬುಟ್ಟಿಯನ್ನು ಕಳೆದ, ರಗ್ಗನ್ನು ಕಳೆದ. ಉಳಿದದ್ದು ಹನ್ನೆರಡು ಜಿನ್. ಆರು ಕಿಲೋ. ಮುದುಕ ಬುಟ್ಟಿಯ ಪಕ್ಕದಲ್ಲಿ ಕುಕ್ಕರಿಸಿ ಕೂತು ಗಟ್ಟಿಯಾಗಿ ಅತ್ತ.

ವೆನ್‌ಯಾನ್‌ಗೆ ಫೋನ್ ಮಾಡಿ “ಮಗೂನ ಆಸ್ಪತ್ರೆಗೆ ತೋರಿಸ್ಬೇಕು, ಬೇಗ ಬಾ” ಎಂದನೇ ಹೊರತು ತೂಕದ ವಿಷಯ ಅವನ ನಾಲಿಗೆಯ ಮೇಲೆ ಬರಲಿಲ್ಲ. ಹುಝೌ ಆಸ್ಪತ್ರೆಯ ಡಾಕ್ಟರಮ್ಮ ಕೂಸಿನ ಎದೆಗೆ ಸ್ಟೆತೋಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದಳು. ಯಾವ ಯಾವುದೋ ಪರೀಕ್ಷೆಗೆ ಕಳಿಸಿದಳು. ಆಮೇಲೆ ತಾಯಿಯನ್ನು ಕೂರಿಸಿಕೊಂಡು ಹೇಳಿದಳು.

“ಹೃದಯದಲ್ಲಿ ತೂತಿದೆ. ಹಾಲು ಹೀರೋದೇ ಇವಳಿಗೆ ಬೆಟ್ಟ ಹತ್ತಿದ ಹಾಗೆ. ಕುಡಿದಿದ್ದೆಲ್ಲ ಉಸಿರಾಡೋಕೇ ಖರ್ಚಾಗ್ತಿದೆ. ಕಡೇ ಸಲ ತೂಗಿದಾಗ ಎಷ್ಟಿದ್ದಳು?”

“ಮೇ ತಿಂಗಳಲ್ಲಿ ಹತ್ತು ಕಿಲೋ ಇದ್ದಳು ಡಾಕ್ಟ್ರೇ.”

ಡಾಕ್ಟರಮ್ಮ ತಲೆಯೆತ್ತಿದಳು. “ಹತ್ತು? ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳೀತಾ? ಏನಾಗಿತ್ತು? ಭೇದಿಯಾಗಿತ್ತಾ?”

ವೆನ್‌ಯಾನ್ ತಬ್ಬಿಬ್ಬಾಗಿ ಮಾವನ ಕಡೆ ತಿರುಗಿದಳು.

“ಇಳಿದಿಲ್ಲ,” ಎಂದ ಫೂಗೆನ್. “ಹತ್ತು ಇರಲೇ ಇಲ್ಲ. ಆವತ್ತೂ ಇಷ್ಟೇ ಇದ್ದಿರ್ಬೇಕು. ನಾನು ಬುಟ್ಟಿ ಕಳೀಲಿಲ್ಲ. ಗುಂಡು ಹಿಂದಕ್ಕೆ ತರ್ಲಿಲ್ಲ. ಮೇಲೆ ಒಂದು ಸೇರಿಸಿ ಕೂಗ್ದೆ.”

ಡಾಕ್ಟರಮ್ಮನೂ ಆ ಸೀಮೆಯವಳೇ. ಯಾವ ದಿನದ ತೂಕವೆಂದು ಅವಳಿಗೆ ತಿಳಿಯಿತು, ಚೀಟಿಯಲ್ಲಿ ಬರೆದಿದ್ದ ಹತ್ತನ್ನು ಹೊಡೆದುಹಾಕಿದಳು. ವೆನ್‌ಯಾನ್ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವಳು ಕಿರುಚಿದ್ದರೆ, ಕೈಯಲ್ಲಿದ್ದ ಚೀಲವನ್ನು ಅವನ ಮುಖಕ್ಕೆ ಎಸೆದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಕೈ ಸಣ್ಣ ಆಗಿದೆ ಅಂತ ನಿಮ್ಮನ್ನೇ ಕೇಳ್ದೆ ಅಪ್ಪಾ,” ಎಂದಳು ಮೆಲ್ಲಗೆ. “ಅಂಥ ಮಾತು ಆಡ್ಬೇಡ ಅಂದ್ರಿ. ಮೂವತ್ತು ವರ್ಷ ತೂಗಿದೋರು ಹೇಳ್ತಿದ್ದಾರೆ ಅಂತ ನಾನು ನನ್ನ ಕಣ್ಣನ್ನೇ ನಂಬಲಿಲ್ಲ.”

“ಆಪರೇಷನ್ ಆಗ್ಬೇಕು,” ಎಂದು ಡಾಕ್ಟರಮ್ಮ ಮುಂದುವರಿಸಿದಳು. “ಎರಡು ತಿಂಗಳು ಮುಂಚೆ ಬಂದಿದ್ರೆ ಇಷ್ಟು ಸೋತಿರ್ತಿರ್ಲಿಲ್ಲ. ಈಗ ಈ ಮೈಗೆ ತಡ್ಕೊಳ್ಳೋದು ಕಷ್ಟ. ಔಷಧಿ ಕೊಟ್ಟು, ಮೂಗಿನ ನಳಿಕೇಲಿ ಹಾಲು ಹಾಕಿ ನೋಡೋಣ. ಒಂದು ಕಿಲೋನಾದ್ರೂ ಏರಲಿ.”

“ಏರದೇ ಹೋದ್ರೆ?”

“ಮೊದಲು ಏರಿಸೋ ಪ್ರಯತ್ನ ಮಾಡೋಣಮ್ಮ,” ಎಂದಳು ಅವಳು.

ಕೂಸನ್ನು ವಾರ್ಡಿಗೆ ಸೇರಿಸಿದರು. ಮೂಗಿಗೆ ನಳಿಕೆ ಹಾಕುವಾಗ ಅದಕ್ಕೆ ಅಳುವಷ್ಟೂ ತ್ರಾಣವಿರಲಿಲ್ಲ. ವೆನ್‌ಯಾನ್ ಅದರ ಕಾಲು ಹಿಡಿದುಕೊಂಡು, ತಿರುಗಿ ನೋಡದೆಯೇ, “ಡಯಾಪರ್ ತರ್ಬೇಕು. ಎಸ್ ಸೈಜು” ಎಂದಳು. ಆ ದಿನ ಅವಳು ಮಾವನೊಂದಿಗೆ ಆಡಿದ ಕೊನೆಯ ಮಾತು ಅದು.

ಆಸ್ಪತ್ರೆಯ ಗೇಟಿನ ಎದುರಿನ ಅಂಗಡಿಯಲ್ಲಿ ದುಂಡು ಮುಖದ ಹೆಂಗಸೊಬ್ಬಳು ಕಲ್ಲಂಗಡಿ ಬೀಜ ಸುಲಿಯುತ್ತ ಕೂತಿದ್ದಳು. ಎಸ್ ಸೈಜು ಎಂದ ಕೂಡಲೇ ಅವಳ ಮುಖ ಅರಳಿತು.

“ಓಹೋ, ಮೊಮ್ಮಗು ಬಂತಾ ತಾತಾ! ಗಂಡೋ ಹೆಣ್ಣೋ?”

“ಹೆಣ್ಣು.”

“ಲಕ್ಷಣವಾಯ್ತು. ಚಿಕ್ಕ ಪೊಟ್ಟಣ ಸಾಕು ನಿಮಗೆ, ದೊಡ್ಡದು ತಗೊಂಡು ದಂಡ ಮಾಡ್ಕೋಬೇಡಿ. ಈ ವಯಸ್ಸಲ್ಲಿ ಮಕ್ಕಳು ನೋಡ್ನೋಡ್ತಾ ಬೆಳೆದುಬಿಡ್ತಾವೆ. ಹತ್ತು ದಿನದಲ್ಲಿ ಎಸ್ ಬಿಗಿಯಾಗುತ್ತೆ, ಆಗ ಬಂದು ಎಂ ತಗೊಂಡ್ ಹೋಗಿ.”

ಒಳ್ಳೆಯ ಮಾತಿಗೆ ಒಳ್ಳೆಯ ಮಾತು ಕೂಡಿಸುವುದು ಅವನಿಗೆ ಉಸಿರಾಟದಷ್ಟು ರೂಢಿ. ನಿನ್ನ ಬಾಯಿ ಹರಕೆಯಿಂದ ಹಾಗೇ ಆಗಲಿ ಎನ್ನಬಹುದಿತ್ತು. ಚಿಕ್ಕ ಪೊಟ್ಟಣ ಹಿಡಿದುಕೊಂಡು ನಗುತ್ತ ಹೊರಡಬಹುದಿತ್ತು. ಫೂಗೆನ್ ಅವಳು ತೆಗೆದಿಟ್ಟ ಚಿಕ್ಕ ಪೊಟ್ಟಣವನ್ನು ಹಿಂದಕ್ಕೆ ಸರಿಸಿದ.

“ದೊಡ್ಡ ಪೊಟ್ಟಣನೇ ಕೊಡಮ್ಮಾ,” ಎಂದ. “ಅವಳು ಬೆಳೀತಾ ಇಲ್ಲ.”